ಕ್ಯಾಪ್ಟನ್ ಸಾಹೇಬರ ಕೋಟಿಗೆ ಸಿಂಹದ ಉಗುರು

ಬಲ ಮೊಣಕೈ ಮುಗಿದಿತ್ತು, ಎಡ ಮೊಣಕೈ ಅರ್ಧಕ್ಕೆ ಬಂದಿತ್ತು. ಕಮೆನೆ ಕೋಟಿನ ತೋಳನ್ನು ಮರದ ದಿಂಡಿಗೆ ಏರಿಸಿ, ಅಂಗಾಲು ಉಜ್ಜುವ ಕಲ್ಲಿನಿಂದ ಒಂದೇ ಲಯದಲ್ಲಿ ತಿಕ್ಕುತ್ತಿದ್ದಳು. ಕೋಟು ಹೊಲಿಗೆಯ ಕೋಣೆಯಿಂದ ಹೊರಬಂದು ಮೂರು ದಿನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಹತ್ತು ವರ್ಷ ತುಂಬಬೇಕಿತ್ತು.

ನೈರೋಬಿಯ ಕೈಗಾರಿಕಾ ಪ್ರದೇಶದಲ್ಲಿ, ಸಾಬೂನಿನ ಕಾರ್ಖಾನೆಗೂ ಲಾರಿ ಗ್ಯಾರೇಜಿಗೂ ನಡುವೆ ನಿಂತಿದ್ದ ಆ ತಗಡಿನ ಶೆಡ್ಡಿನ ಹೆಸರು ‘ಪೆಂಡರಿಕ್ ಅಂಡ್ ಸನ್ಸ್, ೧೯೧೩ರಿಂದ’. ಶೆಡ್ಡು ಎದ್ದಿದ್ದು ಹದಿಮೂರು ವರ್ಷದ ಹಿಂದೆ. ಒಡತಿ ಮಿಸೆಸ್ ಪೆಂಡರಿಕ್‌ಗೆ ಇಬ್ಬರೂ ಹೆಣ್ಣುಮಕ್ಕಳೇ. ಆದರೆ ‘ಅಂಡ್ ಸನ್ಸ್’ ಇಲ್ಲದೆ ಹಳೆಯ ಕಾಲದ ಕಳೆ ಹೇಗೆ ಬರಬೇಕು? ಅಲ್ಲಿ ತಯಾರಾಗುತ್ತಿದ್ದದ್ದು ಬೇಟೆಗಾರರ ಖಾಕಿ ಕೋಟು, ನಾಲ್ಕು ಜೇಬಿನ ಅಂಗಿ, ಅಗಲ ಅಂಚಿನ ಟೊಪ್ಪಿಗೆ, ತೋಟಾ ಸಿಕ್ಕಿಸುವ ಚರ್ಮದ ಬೆಲ್ಟು. ದೇಶದಲ್ಲಿ ಬೇಟೆಯನ್ನು ನಿಷೇಧಿಸಿ ಐವತ್ತು ವರ್ಷ ಆಗುತ್ತ ಬಂತು. ಬೇಟೆಯ ಬಟ್ಟೆ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು ಬಿಕರಿಯಾಗುತ್ತಿತ್ತು. ಕೊಳ್ಳುವವರೆಲ್ಲ ದೂರದೂರಿನ ತಣ್ಣನೆಯ ಕಚೇರಿಗಳಲ್ಲಿ ಕೂರುವ ಗಂಡಸರು. ಹೊಸ ಕೋಟು ಹಾಕಿಕೊಂಡು ಕಾಡಿಗೆ ಹೋಗಲು ಅವರಿಗೆ ಸಂಕೋಚ. ತಾವೇ ಹಾಕಿ ಸವೆಸೋಣವೆಂದರೆ ಬಿಡುವಿಲ್ಲ. ಅದಕ್ಕೇ ಶೆಡ್ಡಿನ ಹಿಂಬದಿಯಲ್ಲಿ ‘ಹಳೆ ಮಾಡುವ ಕೋಣೆ’ ಇತ್ತು. ಅದರಲ್ಲಿ ಕಮೆನೆ ಮತ್ತು ಅವಳ ಕೈಕೆಳಗೆ ಐದು ಹೆಂಗಸರು.

ಹಳೆಯತನಕ್ಕೆ ಅಲ್ಲಿ ಮೂರು ದರ್ಜೆ. ‘ಒಂದು ಮಳೆಗಾಲ’, ‘ಹತ್ತು ವರ್ಷ’, ‘ಒಂದು ಜೀವಮಾನ’. ಮಳೆಗಾಲಕ್ಕೆ ಚಹಾದ ಕಡಾಯಿಯಲ್ಲಿ ಒಂದು ಕುದಿ ಸಾಕು. ಹತ್ತು ವರ್ಷಕ್ಕೆ ಕಲ್ಲು, ಮರಳುಕಾಗದ, ಗುಂಡಿಗಳಿಗೆ ಬೂದಿ. ಜೀವಮಾನವೆಂದರೆ ಸಾವೊ ಕಾಡಿನ ಕಡೆಯಿಂದ ಚೀಲದಲ್ಲಿ ಬರುವ ಕೆಂಪು ಮಣ್ಣನ್ನು ಹೊಲಿಗೆಯ ಸಂದಿಗೆಲ್ಲ ತುಂಬಿ, ಒಗೆದು, ಮತ್ತೆ ತುಂಬಿ, ಮತ್ತೆ ಒಗೆಯುವುದು. ಟೊಪ್ಪಿಗೆಗಳ ಜವಾಬ್ದಾರಿ ಅಪೊಂಡಿಯದು. ಕಿಸುಮು ಕಡೆಯ ಅಪೊಂಡಿ ಒದ್ದೆ ಟೊಪ್ಪಿಗೆಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಮೇಲೂ ಐದೈದು ನಿಮಿಷ ಕೂರುತ್ತಿದ್ದಳು. ಅದಕ್ಕೆ ಅವಳಿಗೆ ಸಂಬಳ ಬರುತ್ತಿತ್ತು.

“ನನ್ನ ಗಂಡ ಹೇಳ್ತಿದ್ದ, ನಿನ್ನ ಸೊಂಟದಿಂದ ಯಾರಿಗೇನು ಉಪಕಾರ ಅಂತ,” ಎಂದಳು ಅಪೊಂಡಿ ಮುಂದಿನ ಟೊಪ್ಪಿಗೆಗೆ ಸರಿಯುತ್ತ. “ಈಗ ನೋಡು. ನಾನು ಕೂತೆದ್ದದ್ದನ್ನ ಯಾವನೋ ದೊರೆ ತಲೆ ಮೇಲೆ ಹೊತ್ಕೊಂಡು ಓಡಾಡ್ತಾನೆ.”

“ಸರಿಯಾಗಿ ಕೂರೇ. ಹೋದ ಸಲ ಒಂದು ರೊಟ್ಟಿ ಆಗೋಗಿತ್ತು,” ಎಂದಳು ಕಮೆನೆ.

“ಅದು ಜೀವಮಾನದ ದರ್ಜೆ ಮಾಮಾ ಮುಮೋ. ಜೀವಮಾನ ಕಳೆದ ಮೇಲೆ ಎಲ್ಲಾ ರೊಟ್ಟಿನೇ.”

ಮುಮೋ ಕಮೆನೆಯ ಮಗಳು; ಮಾಮಾ ಮುಮೋ ಎಂದರೆ ಮುಮೋಳ ಅವ್ವ. ಮಗಳು ಹುಟ್ಟಿದ ದಿನದಿಂದ ಕಮೆನೆಯನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ ಉಳಿದಿದ್ದರು. ಒಬ್ಬಳು ಅವಳ ಅವ್ವ. ಇನ್ನೊಬ್ಬಳು, ಆ ಗಳಿಗೆಯಲ್ಲಿ ಕೈಯಲ್ಲಿ ಒಂದು ಕಾಗದ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಿಸೆಸ್ ಪೆಂಡರಿಕ್.

“ಕಮೆನೆ, ಒಂದು ತೊಂದರೆ ಆಗಿದೆ.”

ಮೇಡಂ ಅವರ ತೊಂದರೆ ಇದು. ಕಂಪನಿಯ ಅತಿ ದುಬಾರಿ ಸರಕು ‘ಕ್ಯಾಪ್ಟನ್ ಕೋಟು’. ಅದರ ಎಡ ಭುಜದಿಂದ ಬೆನ್ನಿಗೆ ಮೂರು ಹರಕು, ಹರಕಿನ ಮೇಲೆ ಒರಟು ಹೊಲಿಗೆ. ಕ್ಯಾಟಲಾಗಿನ ಪ್ರಕಾರ ಮೇಡಂ ಅವರ ಗಂಡನ ಅಜ್ಜ ಕ್ಯಾಪ್ಟನ್ ಪೆಂಡರಿಕ್ ೧೯೨೩ರಲ್ಲಿ ನದಿಯ ದಂಡೆಯಲ್ಲಿ ಸಿಂಹದೊಡನೆ ಕೈಕೈ ಮಿಲಾಯಿಸಿ, ಗೆದ್ದು, ಅದೇ ಸಂಜೆ ಲಾಂದ್ರದ ಬೆಳಕಿನಲ್ಲಿ ತಮ್ಮ ಕೋಟನ್ನು ತಾವೇ ಹೊಲಿದುಕೊಂಡಿದ್ದರು. ಮೇಡಂ ಅವರ ಹಳೆಯ ಡ್ರೈವರ್ ನಿವೃತ್ತನಾಗುವ ದಿನ ಹೇಳಿದ ಪ್ರಕಾರ, ಅಜ್ಜ ರೈಲ್ವೆ ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ಕ್ಯಾಪ್ಟನ್ ಎಂಬುದು ಕ್ರಿಕೆಟ್ ತಂಡದ್ದು. ಈಗ ಅಮೆರಿಕದ ದೊಡ್ಡ ಅಂಗಡಿಯೊಂದು ಎರಡು ಸಾವಿರ ಕೋಟುಗಳಿಗೆ ಬೇಡಿಕೆ ಇಡುವುದರಲ್ಲಿತ್ತು. ಮುಂದಿನ ಮಂಗಳವಾರ ಅವರ ಜನ ಬರುತ್ತಾರೆ. ಬಂದವರು ಮೂಲ ಕೋಟನ್ನು ಕಣ್ಣಾರೆ ನೋಡಬೇಕಂತೆ, ಫೋಟೋ ತೆಗೆಯಬೇಕಂತೆ.

“ಮೂಲ ಕೋಟು ಎಲ್ಲಿದೆ ಮೇಡಂ?” ಎಂದಳು ಅಪೊಂಡಿ ಟೊಪ್ಪಿಗೆಯ ಮೇಲಿಂದ ಏಳದೆ, ಏನೂ ತಿಳಿಯದವಳ ಹಾಗೆ.

“ಅದೇ ಹುಡುಕ್ತಿದ್ದೀನಿ,” ಎಂದರು ಮೇಡಂ. ಆಮೇಲೆ ಕಮೆನೆಯ ಕಡೆ ತಿರುಗಿದರು. “ನೀನೊಂದು ಮಾಡಿಬಿಡ್ತೀಯಾ? ಜೀವಮಾನಕ್ಕಿಂತ ಸ್ವಲ್ಪ ಜಾಸ್ತಿ. ನೂರು ವರ್ಷ.”

ಕಮೆನೆ ಸುಮ್ಮನೆ “ಆಯ್ತು ಮೇಡಂ” ಎಂದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷ ಒಂದೇ ಕೆಲಸ ಮಾಡಿದವರಿಗೆ ಒಂದು ಬಗೆಯ ಹೆಮ್ಮೆ ಬಂದಿರುತ್ತದೆ. ಅದು ಬಾಯಿಗೆ ಬೀಗ ಹಾಕಲು ಬಿಡುವುದಿಲ್ಲ.

“ಈ ಬಟ್ಟೆಯಲ್ಲಿ ಆಗಲ್ಲ ಮೇಡಂ. ಹೊಸ ನೂಲು, ಎಷ್ಟು ಉಜ್ಜಿದ್ರೂ ಒಳಗಡೆ ಹೊಳೆಯುತ್ತೆ. ತಿಳಿದವರು ಒಳಮೈ ತಿರುಗಿಸಿ ನೋಡ್ತಾರೆ. ನಮ್ಮಪ್ಪನ ಕೋಟಿನ ಬಟ್ಟೆ ಮುಟ್ಟಿದರೆ ಗೊತ್ತಾಗುತ್ತೆ—”

ಅಷ್ಟಕ್ಕೇ ನಿಲ್ಲಿಸಿದಳು. ಆದರೆ ಮೇಡಂ ಅವರ ಕಣ್ಣು ಆಗಲೇ ಅಗಲವಾಗಿತ್ತು.

ಆರು ವರ್ಷದ ಹಿಂದೆ ಮೊದಲ ಕ್ಯಾಪ್ಟನ್ ಕೋಟನ್ನು ಮೇಡಂ ತಾವೇ ಅಡುಗೆಮನೆಯ ಚಾಕುವಿನಿಂದ ಸೀಳಿದ್ದರು. ಮೂರು ನೇರ ಗೆರೆ, ಹೊಲದಲ್ಲಿ ನೇಗಿಲು ಹೊಡೆದ ಹಾಗೆ. “ಉಗುರು ಹೀಗೆ ಹರಿಯಲ್ಲ ಮೇಡಂ,” ಎಂದು ಕಮೆನೆ ತಾನೇ ಕತ್ತರಿಯ ತುದಿಯಿಂದ ಎಳೆದು ತೋರಿಸಿದ್ದಳು. ಮೊದಲು ಚುಚ್ಚು, ಆಮೇಲೆ ಎಳೆತ, ಕೊನೆಗೆ ಅಗಲವಾಗಿ ಬಿಚ್ಚಿಕೊಳ್ಳುವ ಬಾಯಿ, ಮಧ್ಯದ ಹರಕು ಉಳಿದೆರಡಕ್ಕಿಂತ ಒಂದು ಬೆರಳು ಉದ್ದ. ಯಾವುದೋ ದೇಶದ ಪ್ರಾಣಿತಜ್ಞರೊಬ್ಬರು ಕೋಟು ಕೊಂಡು, ಇಷ್ಟು ಕರಾರುವಾಕ್ಕಾದ ಸಿಂಹದ ಉಗುರನ್ನು ಬಟ್ಟೆಯ ಮೇಲೆ ನೋಡಿದ್ದು ಇದೇ ಮೊದಲು ಎಂದು ಪತ್ರ ಬರೆದಿದ್ದರು. ಮೇಡಂ ಅದಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದರು. ನಿನಗೆ ಹೇಗೆ ಗೊತ್ತು ಎಂದು ಮಾತ್ರ ಈವರೆಗೆ ಕೇಳಿರಲಿಲ್ಲ.

ಈಗ ಕೇಳಿದರು. ಕಮೆನೆ ಹೇಳಬೇಕಾಯಿತು. ಅವಳಪ್ಪ ಮುಲಿಂಗೆ ಬಿಳಿ ಬೇಟೆಗಾರರ ಮುಂದೆ ನಡೆದು ಪ್ರಾಣಿಗಳ ಹೆಜ್ಜೆಯ ಜಾಡು ಹಿಡಿಯುವವನಾಗಿದ್ದ. ಅವನಿಗೊಂದು ಖಾಕಿ ಕೋಟಿತ್ತು. ಅವಳು ಎಂಟು ವರ್ಷದವಳಿದ್ದಾಗ ಒಂದು ಸಿಂಹ ಅವನ ಬೆನ್ನಿಗೆ ಹಾರಿತ್ತು. ಅಪ್ಪ ಬದುಕಿದ. ಅಪ್ಪ ಸತ್ತು ಇಪ್ಪತ್ತು ವರ್ಷವಾಯಿತು. ಕೋಟು ಅವಳ ಟ್ರಂಕಿನಲ್ಲಿದೆ.

“ತಂದುಬಿಡು,” ಎಂದರು ಮೇಡಂ. “ದೇವರು ಕೊಟ್ಟ ಹಾಗಾಯ್ತು. ಒಳಗಡೆ ಏನಾದರೂ ಚೀಟಿ ಇದೆಯಾ?”

“ಬಿಯಾಶರಾ ಬೀದಿಯ ಗುಜರಾತಿ ದರ್ಜಿಯದು.”

“ಅದನ್ನ ಬಿಚ್ಚಿಬಿಡೋಣ.” ಮೇಡಂ ಒಂದು ಗಳಿಗೆ ಯೋಚಿಸಿದರು. ಅವರು ಕೆಟ್ಟವರಲ್ಲ, ಕ್ರಿಸ್‌ಮಸ್‌ಗೆ ಎಲ್ಲರಿಗೂ ಎರಡೆರಡು ಕೇಜಿ ಸಕ್ಕರೆ ಕೊಡುತ್ತಿದ್ದರು. “ನಿಮ್ಮಪ್ಪನಿಗೂ ಏನಾದರೂ ಮಾಡಲೇಬೇಕು ಕಮೆನೆ. ಕೋಟಿನ ಒಳಜೇಬು ಇದೆಯಲ್ಲ, ಅದಕ್ಕೆ ‘ಮುಲಿಂಗೆ ಜೇಬು’ ಅಂತ ಹೆಸರಿಡೋಣ. ಕ್ಯಾಟಲಾಗಿನಲ್ಲೇ ಹಾಕಿಸ್ತೀನಿ. ಕ್ಯಾಪ್ಟನ್ನರ ನಂಬಿಗಸ್ತ ಸೇವಕ.”

ಕ್ಯಾಪ್ಟನ್ ತೀರಿಕೊಂಡಾಗ ಅಪ್ಪ ಹುಟ್ಟೇ ಇರಲಿಲ್ಲವೆಂದು ಕಮೆನೆ ಹೇಳಲಿಲ್ಲ. ಹುಟ್ಟುವ ಮೊದಲೇ ನಂಬಿಗಸ್ತನಾಗಿದ್ದವನಿಗೆ ಒಂದು ಜೇಬು ಕಡಿಮೆಯೇ.

“ಬಲವಂತ ಏನಿಲ್ಲ,” ಎಂದರು ಮೇಡಂ ಹೊರಡುವಾಗ. “ಆದರೆ ಈ ಆರ್ಡರ್ ಬರದೇ ಹೋದರೆ ಹಳೆ ಮಾಡುವ ಮೆಷೀನನ್ನೇ ತರಿಸಬೇಕಾಗುತ್ತೆ. ಕೈಯಲ್ಲಿ ಮಾಡಿಸಿ ಪೂರೈಸಲ್ಲ. ಸೋಮವಾರ ಬೆಳಿಗ್ಗೆ ತರ್ತೀಯಲ್ಲ?”

ಬಾಗಿಲು ಮುಚ್ಚಿತು. ಐವರು ಹೆಂಗಸರೂ ಒಟ್ಟಿಗೇ ಕಮೆನೆಯನ್ನು ನೋಡಿದರು.

“ಕೊಟ್ಟುಬಿಡು,” ಎಂದಳು ಅಪೊಂಡಿ. ಈ ಸಲ ತಮಾಷೆ ಇರಲಿಲ್ಲ. “ಮೆಷೀನ್ ಬಂದ್ರೆ ನಾವಾರು ಜನ ಎಲ್ಲಿ ಹೋಗಿ ಕೂರೋಣ? ನಿಮ್ಮಪ್ಪನಿಗೆ ಅಲ್ಲಿ ಚಳಿ ಆಗ್ತಿಲ್ಲ.”

“ಆ ಕೋಟಿನ ಮೇಲೆ ಅಪ್ಪನ ರಕ್ತ ಇದೆ ಅಪೊಂಡಿ.”

“ಒಗೆದರೆ ಹೋಗುತ್ತೆ. ಒಗೆಯೋದ್ರಲ್ಲಿ ನಿನ್ನ ಮೀರಿಸೋರು ಯಾರಿದ್ದಾರೆ?”

ಕಮೆನೆ ಕಲ್ಲನ್ನು ಮತ್ತೆ ಎತ್ತಿಕೊಂಡಳು. ಸಿಟ್ಟಿನಲ್ಲಿ ತಿಕ್ಕಿ ತಿಕ್ಕಿ, ಹತ್ತು ವರ್ಷವಾಗಬೇಕಿದ್ದ ಕೋಟಿಗೆ ಹದಿನೈದು ಮಾಡಿಬಿಟ್ಟಳು.

ಅಪೊಂಡಿಗೆ ಹೇಳಲಾಗದ ಮಾತೊಂದಿತ್ತು. ಆ ಸಿಂಹ ಕಮೆನೆಯ ಆಸ್ತಿ. ಊರಿನ ಶಾಲೆಯಲ್ಲಿ ಬೂಟಿಲ್ಲದ, ಎರಡು ಸಲ ಅದೇ ತರಗತಿಯಲ್ಲಿ ಕೂತ ಹುಡುಗಿ ಅವಳು. ಆದರೂ ಅವಳನ್ನು ಯಾರೂ ತಳ್ಳುತ್ತಿರಲಿಲ್ಲ. ಅವಳಪ್ಪನನ್ನು ಸಿಂಹಕ್ಕೂ ತಿನ್ನಲಾಗಿರಲಿಲ್ಲವಲ್ಲ. ಮುಂದೆ ಗಂಡ ಮೊಂಬಾಸಾಕ್ಕೆ ಹೋಗಿ ಅಲ್ಲೇ ಇನ್ನೊಂದು ಮನೆ ಹೂಡಿದಾಗ, ಚಿಕ್ಕ ಮುಮೋಳನ್ನು ಬೆನ್ನಿಗೆ ಕಟ್ಟಿಕೊಂಡು ನೈರೋಬಿಯ ಬಸ್ಸು ಹತ್ತಿದಾಗ, ಬಾಡಿಗೆ ಕೋಣೆಯ ಬಾಗಿಲನ್ನು ಯಾರೋ ಕುಡಿದು ಬಡಿದಾಗ, ಅವಳು ಟ್ರಂಕಿನ ಕಡೆ ಒಮ್ಮೆ ನೋಡುತ್ತಿದ್ದಳು. ಅಷ್ಟೆ, ಮುಚ್ಚಳ ತೆಗೆಯುತ್ತಲೂ ಇರಲಿಲ್ಲ. ಜಗತ್ತಿನಲ್ಲಿ ಅವಳಿಗೆ ಅಂತ ಇದ್ದ ಒಂದು ದೊಡ್ಡ ಸಂಗತಿ ಅದು. ಅದನ್ನು ಒಂದು ಕ್ರಿಕೆಟ್ ತಂಡದ ನಾಯಕನಿಗೆ ಒಪ್ಪಿಸಬೇಕಾಗಿತ್ತು.

ಅವತ್ತು ಶನಿವಾರ, ಅರ್ಧ ದಿನ ಕೆಲಸ. ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಕಿಟಕಿಯ ಬಳಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆ ಆರಿಸುತ್ತಿದ್ದಳು. ಒಲೆಯ ಮೇಲೆ ಜೋಳ ಬೇಯುತ್ತಿತ್ತು. ಅವ್ವನಿಗೆ ಎಂಬತ್ತು ದಾಟಿದೆ. ನಲವತ್ತು ವರ್ಷ ಊರಿನ ಚರ್ಚಿನಲ್ಲಿ ಹಾಡಿದವಳು; ಮದ್ಯದ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಬೀದಿಯ ಆಚೆ ಬದಿಗೆ ಹೋಗುವವಳು. ಕಮೆನೆ ಚಪ್ಪಲಿ ಬಿಟ್ಟವಳೇ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ, ಟ್ರಂಕಿನಿಂದ ಕೋಟು ತೆಗೆದು ಮಂಚದ ಮೇಲೆ ಹರವಿದಳು.

“ಹೇಗೆ ಕೊಡಲಿ ಹೇಳವ್ವ? ಸಿಂಹ ಮುಟ್ಟಿದ ಕೋಟು. ಎಷ್ಟು ಜನರ ಮನೆಯಲ್ಲಿ ಇಂಥದ್ದಿದೆ?”

ಅವ್ವ ಅವರೆ ಆರಿಸುವುದನ್ನು ನಿಲ್ಲಿಸಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಕಮೆನೆ ಹತ್ತಿರ ಹೋದರೆ, ಅವ್ವ ನಗುತ್ತಿದ್ದಳು. ನಕ್ಕು ನಕ್ಕು ಕೆಮ್ಮು ಬಂತು. ಕಮೆನೆ ಬೆನ್ನು ತಟ್ಟಿ ನೀರು ಕುಡಿಸಿದಳು.

“ಇನ್ನೂ ಆ ಸಿಂಹನ್ನ ಸಾಕ್ತಿದ್ದೀಯೇನೇ ನೀನು?” ಎಂದಳು ಅವ್ವ ಕಣ್ಣೊರೆಸಿಕೊಳ್ಳುತ್ತ. “ನಿನಗೆ ಐವತ್ತನಾಲ್ಕು. ಎಲ್ಲೋ ದೊಡ್ಡವಳಾದಾಗ ತಾನೇ ತಿಳ್ಕೊಂಡಿರ್ತಾಳೆ ಅಂತ ನಾನು ಸುಮ್ಮನಿದ್ದೆ.”

“ಏನು ತಿಳ್ಕೋಬೇಕಿತ್ತು?”

“ಮುಳ್ಳುತಂತಿ ಕಣೆ. ಕತ್ತಾಳೆ ತೋಟದ ಬೇಲಿ.”

ಕಮೆನೆ ಮಂಚದ ಅಂಚಿಗೆ ಕೂತಳು.

“ಅಲ್ಲಿ ಸಿಂಹ ಇರಲಿಲ್ವಾ?”

“ಇತ್ತು. ಅವತ್ತು ಅದಕ್ಕೆ ಬೇರೆ ಕೆಲಸ ಇತ್ತು.” ಅವ್ವ ಮೊರವನ್ನು ಪಕ್ಕಕ್ಕಿಟ್ಟಳು. “ಬೇಟೆ ನಿಂತು ಹೋಯ್ತು. ನಿಮ್ಮಪ್ಪ ಬರಿಗೈಲಿ ಮನೆಗೆ ಬಂದ್ರು. ಅಲ್ಲೀವರೆಗೂ ಆನೆಯ ಹೆಜ್ಜೆ ನೋಡಿ, ಅದು ಹೋಗಿ ಎಷ್ಟು ಹೊತ್ತಾಯ್ತು ಅಂತ ಹೇಳ್ತಿದ್ದ ಮನುಷ್ಯ, ಕೆಲಸ ಎಲ್ಲಿ ಹೋಯ್ತು ಅಂತ ಅವರಿಗೆ ಹುಡುಕೋಕಾಗಲಿಲ್ಲ. ನೀವು ಐದು ಜನ. ಆಗ ನಾನು ಕಬ್ಬಿನ ಹೆಂಡ ಕಾಯಿಸೋಕೆ ಶುರು ಮಾಡಿದೆ.”

“ನೀನಾ?”

“ಮತ್ತೆ ಯಾರು, ಪಾದ್ರಿನಾ? ನನ್ನ ಹೆಂಡಕ್ಕೆ ಮೂರು ಊರಿಂದ ಬರ್ತಿದ್ರು.” ಅವ್ವನ ದನಿಯಲ್ಲಿ ಪಶ್ಚಾತ್ತಾಪ ಎಷ್ಟಿತ್ತೋ ಗೊತ್ತಿಲ್ಲ, ಹೆಮ್ಮೆ ಧಾರಾಳವಾಗಿತ್ತು. “ಸರ್ಕಾರದ ಚೀಫಿನ ಜನ ಹಿಡಿಯೋಕೆ ಬಂದ್ರು. ಸಿಕ್ಕಿಬಿದ್ದಿದ್ರೆ ಆರು ತಿಂಗಳು ನಾನು ಜೈಲಿನಲ್ಲಿ. ನಿಮ್ಮಪ್ಪ ಮಡಕೆ ಹೊತ್ಕೊಂಡು ಹಿತ್ತಲಿಂದ ಓಡಿದ್ರು. ಬೇಲಿ ಕೆಳಗೆ ಮಡಕೆ ನೂಕಿದ್ರು, ತಾವು ನುಸುಳೋವಾಗ ತಂತಿ ಬೆನ್ನನ್ನ ಹಿಡ್ಕೊಳ್ತು. ಎಳೆದ್ಕೊಂಡು ಹೋದ್ರು. ಒಂದು ತೊಟ್ಟು ಚೆಲ್ಲಲಿಲ್ಲ.”

“ಮತ್ತೆ ನಮಗೆ ಸಿಂಹ ಅಂತ…”

“ನಿನಗೆ ಅಂತಾನೇ ಹೇಳಿದ್ದು. ಉಳಿದೋರು ಬಾಯಿಮುಚ್ಕೊಂಡಿರ್ತಿದ್ರು. ನೀನು ಬೆಳಿಗ್ಗೆ ಎದ್ದು, ಅಪ್ಪನ ಬೆನ್ನಿಗೇನಾಯ್ತು ಅಂತ ಕೇಳ್ದೆ. ನಿಜ ಹೇಳಿದ್ರೆ ಶಾಲೆಗೆ ಹೋಗಿ ಟೀಚರ ಮುಂದೆ ಒದರ್ತಿದ್ದೆ. ಟೀಚರು ಚೀಫಿನ ತಂಗಿ. ನಿಮ್ಮಪ್ಪ ನನ್ನ ಮುಖ ನೋಡಿದ್ರು. ಆಮೇಲೆ ಸಿಂಹ ಅಂದ್ರು. ನಾನು ಹೊಲೀತಾ ಕೂತಿದ್ದೆ, ಹ್ಞೂಂ ದೊಡ್ಡ ಸಿಂಹ ಅಂದೆ. ಅಷ್ಟೇ ನಾನು ಸೇರಿಸಿದ್ದು.”

ಅವ್ವ ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡಳು. ನಲವತ್ತಾರು ವರ್ಷದ ಗುಟ್ಟನ್ನು ಹೊರಹಾಕಿದವಳ ಹಾಗೆ ಏನೂ ಕಾಣಲಿಲ್ಲ. ಒಂದು ಹುಳುಕು ಅವರೆ ಸಿಕ್ಕಿತು, ಕಿಟಕಿಯಿಂದ ಎಸೆದಳು.

“ಆ ಹೆಂಗಸಿಗೆ ಕೊಡೋದಾದ್ರೆ ಕೊಡು, ಬಿಡೋದಾದ್ರೆ ಬಿಡು. ತಂತಿಗೆ ಸಿಕ್ಕಿದ ಕೋಟು. ಜೋಳ ತಳ ಹಿಡೀತಿದೆ ನೋಡು.”

ಕಮೆನೆ ಎದ್ದು ಜೋಳ ಕೆದಕಿದಳು. ಮೊದಲು ಅವಳಿಗೆ ನೆನಪಾದದ್ದು ಪ್ರಾಣಿತಜ್ಞರ ಪತ್ರ. ಆರು ವರ್ಷದಿಂದ ಲೋಕದ ದೊಡ್ಡ ದೊಡ್ಡ ಊರುಗಳಲ್ಲಿ ದೊಡ್ಡ ದೊಡ್ಡ ಗಂಡಸರು, ಎದುರಿನವರಿಗೆ ಚೆನ್ನಾಗಿ ಕಾಣಲೆಂದು ಎಡ ಭುಜವನ್ನು ತುಸು ಮುಂದೆ ಮಾಡಿ, ಕತ್ತಾಳೆ ತೋಟದ ಬೇಲಿಯನ್ನು ಮೈಮೇಲೆ ಹೊತ್ತು ಓಡಾಡುತ್ತಿದ್ದರು. ಅವಳಿಗೂ ನಗು ಬಂತು. ಆದರೆ ಅವ್ವನಿಗೆ ಕಾಣದ ಹಾಗೆ ಒಲೆಯ ಕಡೆಗೇ ತಿರುಗಿ ನಕ್ಕಳು. ಅರ್ಧಕ್ಕೇ ನಿಂತೂ ಹೋಯಿತು. ಸಿಂಹ ಇದ್ದ ಜಾಗ ಖಾಲಿಯಾಗಿತ್ತು. ಅಲ್ಲಿ ಈಗ ತಲೆಯ ಮೇಲೆ ಹೆಂಡದ ಮಡಕೆ ಹೊತ್ತು ಓಡುವ ಒಬ್ಬ ಗಂಡಸು ಇದ್ದ. ಹೆಂಡತಿ ಜೈಲಿಗೆ ಹೋಗಬಾರದೆಂದು ತಂತಿಯನ್ನು ಬೆನ್ನಿನಿಂದ ಎಳೆದುಕೊಂಡು ಹೋದವನು. ಮೊಂಬಾಸಾಕ್ಕೆ ಹೋದ ತನ್ನ ಗಂಡನನ್ನು ನೆನೆದು ಅವಳು ಸೌಟನ್ನು ಸ್ವಲ್ಪ ಜೋರಾಗಿಯೇ ಆಡಿಸಿದಳು.

ಊಟವಾದ ಮೇಲೆ ಕೋಟನ್ನು ಮಡಿಸುವಾಗ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಸಣ್ಣ, ಒತ್ತಾದ, ಒಂದೇ ಅಳತೆಯ ಹೊಲಿಗೆ. ಇದನ್ನೇ ನೋಡಿ ಕಲಿತು, ಆಮೇಲೆ ಕಂಪನಿಗಾಗಿ ಬೇಕೆಂದೇ ಒರಟು ಮಾಡಿದ್ದಳು. ಕ್ಯಾಪ್ಟನ್ ಸಾಹೇಬರು ಇಷ್ಟು ಚೆನ್ನಾಗಿ ಹೊಲಿದರೆ ಯಾರು ನಂಬುತ್ತಾರೆ ಎಂದು. ಚೀಫಿನ ಜನ ಇನ್ನೂ ಊರಲ್ಲೇ ಇದ್ದಾಗ, ಗಂಡನ ಬೆನ್ನಿಂದ ರಕ್ತ ಸುರಿಯುತ್ತಿದ್ದಾಗ ಅವ್ವನ ಕೈ ಒಮ್ಮೆಯೂ ನಡುಗಿರಲಿಲ್ಲ.

ಭಾನುವಾರ ಚರ್ಚಿನಿಂದ ಅವ್ವನನ್ನು ಮನೆಗೆ ಬಿಟ್ಟು, ಅವಳಿಗೊಂದು ಸ್ವೆಟರ್ ತರುತ್ತೇನೆಂದು ಕಮೆನೆ ಗಿಕೊಂಬಾ ಸಂತೆಗೆ ಹೋದಳು. ಹೊರದೇಶದವರು ಉಟ್ಟು ಬಿಟ್ಟ ಬಟ್ಟೆಗಳು ಮೂಟೆ ಮೂಟೆಯಾಗಿ ಬಂದು ಬೀಳುವ ಜಾಗ ಅದು. ಗುಡ್ಡೆ ಹಾಕಿದ ಬಟ್ಟೆಯ ಮೇಲೆ ನಿಂತು ಅಂಗಡಿಯವರು ಕೂಗುತ್ತಿದ್ದರು. ಸ್ವೆಟರ್ ಬೇಗ ಸಿಕ್ಕಿತು. ಆದರೂ ಅವಳ ಕಾಲು ಗಂಡಸರ ಕೋಟಿನ ಸಾಲಿನ ಕಡೆಗೆ ಹೋಯಿತು. ಏಕೆ ಹೋಯಿತೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಮೂರನೆಯ ಗುಡ್ಡೆಯಲ್ಲಿ, ಮಳೆಯಂಗಿಗಳ ಕೆಳಗೆ ಅದು ಸಿಕ್ಕಿತು. ದಪ್ಪ ಹತ್ತಿ, ಮಣ್ಣಿನ ಬಣ್ಣ, ನಾಲ್ಕು ಜೇಬು. ಒಳಮೈ ತಿರುಗಿಸಿ ನೋಡಿದಳು. ನೂಲು ಎಲ್ಲೂ ಹೊಳೆಯುತ್ತಿರಲಿಲ್ಲ. ಮೊಣಕೈ, ಕಾಲರಿನ ಮಡಿಕೆ, ಜೇಬಿನ ಅಂಚು, ಎಲ್ಲ ಸವೆಯಬೇಕಾದಲ್ಲೇ ಸವೆದಿತ್ತು. ಯಾವನೋ ಅದನ್ನು ನಿಜವಾಗಿ ಹಾಕಿಕೊಂಡು, ನಿಜವಾಗಿ ಮುದುಕನಾಗಿದ್ದ. ಕತ್ತಿನ ಬಳಿಯ ಪಟ್ಟಿಯಲ್ಲಿ ಮಸುಕಾದ ಅಕ್ಷರ: ಅಮೆರಿಕದ ಯಾವುದೋ ಊರಿನ ಹೆಸರು.

“ಒಳ್ಳೆ ಮಾಲು ತಾಯಿ,” ಎಂದ ಅಂಗಡಿಯವನು ಗುಡ್ಡೆಯ ಮೇಲಿಂದ ಬಗ್ಗಿ. “ಮನೆಯವರಿಗಾ?”

“ಹ್ಞೂಂ.”

“ಅವರ ಭುಜ ಎಷ್ಟಗಲ?”

“ಭುಜದ ಯೋಚನೆ ನಿನಗೆ ಬೇಡ. ಕಡಿಮೆ ಮಾಡ್ಕೊ. ಯಾರೋ ಸತ್ತವನದ್ದು ಇದು, ವಾಸನೆ ನೋಡು.”

“ಎಲ್ಲಾ ಬಟ್ಟೆನೂ ಸತ್ತವರದ್ದೇ ತಾಯಿ. ಬದುಕಿರೋರು ನಮಗೆ ಕಳಿಸ್ತಾರಾ?”

ಅವನು ಕಡಿಮೆ ಮಾಡಿದ. ಕಮೆನೆ ಕೋಟನ್ನು ಸ್ವೆಟರಿನೊಳಗೆ ಸುತ್ತಿ ಚೀಲಕ್ಕೆ ತುರುಕಿದಳು. ಇದನ್ನೇ ಅಪ್ಪನದೆಂದು ಮೇಡಂಗೆ ಕೊಟ್ಟರೆ, ಅಮೆರಿಕದವರು ಅಷ್ಟು ದೂರದಿಂದ ವಿಮಾನ ಹತ್ತಿ ಬಂದು, ತಮ್ಮೂರಿನ ಯಾವನೋ ಎಸೆದ ಕೋಟಿನ ಮುಂದೆ ಟೊಪ್ಪಿಗೆ ತೆಗೆದು ನಿಲ್ಲುತ್ತಾರೆ. ಮೇಡಂ ಗದ್ಗದರಾಗುತ್ತಾರೆ. ಒಳಜೇಬಿಗೆ ಅಪ್ಪನ ಹೆಸರು ಬೇಡ, ಅವರು ಇಂಥ ದೊಡ್ಡವರ ಜೊತೆ ಇದ್ದವರೇ ಅಲ್ಲ ಎಂದುಬಿಟ್ಟರೆ ಆಯಿತು. ಕತ್ತಿನ ಪಟ್ಟಿಯನ್ನು ಬಿಚ್ಚುವುದು ಎರಡು ನಿಮಿಷದ ಕೆಲಸ. ಹರಕು ಮಾತ್ರ ಕತ್ತರಿಯಲ್ಲಿ ಮಾಡುವುದಲ್ಲ, ಈ ಸಲ ಸರಿಯಾಗಿ ಆಗಬೇಕು. ರೈಲು ಹಳಿಯ ಪಕ್ಕದಲ್ಲಿ, ನೀರಿನ ಟ್ಯಾಂಕಿನ ಹಿಂದೆ ಒಂದು ಹಳೆಯ ತಂತಿಬೇಲಿ ಇದೆ. ನಾಳೆ ಬೆಳಿಗ್ಗೆ ಎರಡು ಗಂಟೆ ಮುಂಚೆ ಹೊರಟರೆ ಹರಿಯುವುದಕ್ಕೂ ಹೊಲಿಯುವುದಕ್ಕೂ ಸಾಕು.

ಮನೆಗೆ ಹೋಗುವ ಮಟಾಟು ವ್ಯಾನು ಬಂದು ನಿಂತಿತು. ಅವ್ವನಿಗೆ ಸ್ವೆಟರ್ ತೋರಿಸುವುದು, ಅಪೊಂಡಿಗೆ ನಾಳೆ ಕೋಟು ತೋರಿಸುವುದು, ಅಷ್ಟೇ. ಕಮೆನೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರನಿಗೆ ತನ್ನ ಸ್ಟಾಪಿನ ಹೆಸರು ಹೇಳಿ, ಕಿಟಕಿಯ ಗಾಜನ್ನು ಸರಿಸಿದಳು.